‘ಛಲೋ ಅದ’ ಅಂದರೆ ನಂಬಬೇಡ

ತಂಗಿ,

ದೀಪಾವಳಿಗೆ ಬಳಿಚಕ್ರಕ್ಕೆ ಬಂದಾಗ ನೀನು ಮಾಡಿದ ಆ್ಯಪನ್ನು ದೊಡ್ಡವ್ವನ ಕೈಗೆ ಕೊಟ್ಟೆಯಲ್ಲ, ಆವತ್ತು ನಾನು ಪಡಸಾಲೆಯಲ್ಲಿ ಕೂತು ನೋಡುತ್ತಿದ್ದೆ. ಬಿತ್ತಿದ್ದು, ಮಾರಿದ್ದು, ಖರ್ಚಾದದ್ದು ಎಲ್ಲ ಬರೆದಿಡುವ ರೈತರ ಆ್ಯಪ್. ಬಣ್ಣ ಕಣ್ಣಿಗೆ ಹಿತವಾಗಿತ್ತು, ತೊಗರಿಕಾಯಿಯ ಚಿತ್ರ ಚೆಂದ ಬಿಡಿಸಿದ್ದೆ. ದೊಡ್ಡವ್ವ ಎರಡು ನಿಮಿಷ ಹಿಡಿದು ನೋಡಿ, “ಛಲೋ ಅದ ತಂಗಿ, ಭಾಳ ಛಲೋ ಮಾಡೀದಿ” ಅಂದಳು. ನಿನ್ನ ಮುಖ ಅರಳಿತು. ಬೆಂಗಳೂರಿಗೆ ಹೋಗಿ ‘ಹಳ್ಳಿಯ ಬಳಕೆದಾರರು ಮೆಚ್ಚಿದರು’ ಅಂತ ತರಗತಿಯಲ್ಲಿ ಬರೆದು ಒಪ್ಪಿಸಿದೆಯಂತೆ, ನಿಮ್ಮಪ್ಪ ಹೇಳಿದ.

ನಾನು ಕಂಡದ್ದು ಬೇರೆ. ಅದನ್ನು ಆವತ್ತೇ ಹೇಳಬೇಕಿತ್ತು. ಹಬ್ಬದ ದಿನ ನಿನ್ನ ಉತ್ಸಾಹ ಕೆಡಿಸಲು ಮನಸ್ಸಾಗಲಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ.

ದೊಡ್ಡವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಂದಿದ್ದಳು. ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಪರದೆಗೆ ಹಿಟ್ಟು ಹತ್ತೀತು ಅಂತ ಬೆರಳಿನ ಗೆಣ್ಣಿನಿಂದ ಒತ್ತಿದಳು. ‘ಬಿತ್ತನೆ ದಿನಾಂಕ’ ಅನ್ನುವಲ್ಲಿ ಕ್ಯಾಲೆಂಡರ್ ತೆರೆದುಕೊಂಡಿತು. ಅವಳಿಗೆ ಗೊತ್ತಿರುವುದು ಮಿರಗದ ಮಳೆ ಬಿದ್ದ ಮೂರನೆಯ ದಿನ ತೊಗರಿ ಬಿತ್ತಿದ್ದು. ಆ ಚೌಕಗಳೊಳಗೆ ಮಿರಗ ಎಲ್ಲಿದೆ? ಒಂದು ಅಂಕಿ ಮಾತ್ರ ದಟ್ಟ ಹಸಿರಾಗಿತ್ತು, ಅದನ್ನೇ ಒತ್ತಿದಳು. ಅದು ಆವತ್ತಿನ ತಾರೀಖು. ಕೆಳಗೆ ಒಂದು ಕಪ್ಪು ಪಟ್ಟಿ ಮೂಡಿ, ‘ದಯವಿಟ್ಟು ಸರಿಯಾದ ದಿನಾಂಕವನ್ನು ನಮೂದಿಸಿ’ ಅಂದಿತು. ದೊಡ್ಡವ್ವ ಮೂರನೆಯ ಇಯತ್ತೆವರೆಗೆ ಸಾಲಿ ಕಲಿತವಳು, ಕೂಡಿಸಿ ಓದುತ್ತಾಳೆ. ದ, ಯ, ವಿ ಅನ್ನುವಷ್ಟರಲ್ಲಿ ಆ ಪಟ್ಟಿ ಮಾಯವಾಯಿತು. ಅವಳು ತಲೆಯೆತ್ತಿ ಮೊಬೈಲ್ ಬಿಟ್ಟು ನಿನ್ನ ಮುಖ ನೋಡಿದಳು. ನೀನು ಕೈ ಚಾಚಿ, “ಹಂಗಲ್ಲ ದೊಡ್ಡವ್ವ, ಇಲ್ಲಿ ಒತ್ತಬೇಕು” ಅಂತ ನೀನೇ ಒತ್ತಿದೆ. ಆಮೇಲೆ ಅವಳು ‘ಛಲೋ ಅದ’ ಅಂದದ್ದು.

ನಾನು ಹೇಳಬೇಕಾದದ್ದೆಲ್ಲ ನೀನು ಚಾಚಿದ ಆ ಕೈಯಲ್ಲಿದೆ. ಅವಳು ತಡವರಿಸಿದ ಆ ಗಳಿಗೆಗಾಗಿಯೇ ನೀನು ಬೆಂಗಳೂರಿನಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದಿದ್ದೆ. ಅದು ಕಣ್ಣೆದುರು ಬಂದಾಗ ಪ್ರೀತಿಯಿಂದ ಅದನ್ನು ಮುಚ್ಚಿಬಿಟ್ಟೆ. ಇನ್ನೊಂದು ನಿಮಿಷ ಸುಮ್ಮನಿದ್ದಿದ್ದರೆ ಅವಳು ಮುಂದೇನು ಒತ್ತುತ್ತಿದ್ದಳು, ಎಲ್ಲಿ ಬೇಸತ್ತು ಮೊಬೈಲ್ ಕೆಳಗಿಡುತ್ತಿದ್ದಳು ಅನ್ನುವುದು ತಿಳಿಯುತ್ತಿತ್ತು.

ಮೆಚ್ಚುಗೆಯ ಮಾತಿಗೆ ಎಷ್ಟು ಬೆಲೆ ಕೊಡಬೇಕು ಅನ್ನುವುದನ್ನು ನಿನ್ನ ಬೆಂಗಳೂರಿನಲ್ಲೇ ಅಳೆದು ನೋಡಿದ್ದಾರೆ. 2012ರಲ್ಲಿ ಪ್ರಕಟವಾದ ಅಧ್ಯಯನ ಅದು. ನಿಕೋಲಾ ಡೆಲ್ ಮತ್ತು ಅವರ ಸಂಗಡಿಗರು ಬೆಂಗಳೂರಿನಲ್ಲಿ 450 ಮಂದಿಯನ್ನು ಮಾತಾಡಿಸಿದರು. ಎರಡು ವಸ್ತು ತೋರಿಸಿ, ಇದರಲ್ಲಿ ಒಂದು ಕೇಳುತ್ತಿರುವವರೇ ಮಾಡಿದ್ದು ಅನ್ನುವುದು ತಿಳಿಯುವಂತೆ ಮಾಡಿ, ಯಾವುದು ಚೆನ್ನಾಗಿದೆ ಅಂತ ಕೇಳಿದರು. ಎರಡೂ ಒಂದೇ ಆಗಿದ್ದರೂ, ಎದುರಿಗೆ ಕೂತವರು ಮಾಡಿದ್ದನ್ನೇ ಮೆಚ್ಚುವ ಸಂಭವ ಎರಡೂವರೆ ಪಟ್ಟು ಹೆಚ್ಚಿತ್ತು. ಕೇಳುವವರು ವಿದೇಶದವರಾಗಿ, ಜತೆಗೆ ದುಭಾಷಿಯೂ ಇದ್ದರೆ ಅದು ಐದು ಪಟ್ಟಾಯಿತು. ಬೇಕೆಂದೇ ತಮ್ಮದನ್ನು ಕೆಡಿಸಿ ತೋರಿಸಿದಾಗಲೂ ‘ನಿಮ್ಮದೇ ಛಲೋ’ ಅನ್ನುವವರು ಸಿಕ್ಕರು. ಬೆಂಗಳೂರಿನ ಅಪರಿಚಿತರ ಕತೆಯೇ ಹೀಗಾದರೆ, ನಿನ್ನನ್ನು ತೊಟ್ಟಿಲಲ್ಲಿ ತೂಗಿದ ದೊಡ್ಡವ್ವನ ಬಾಯಿಂದ ಬೇರೆ ಮಾತು ಬಂದೀತೇ?

ಉಂಡ ಮನೆಯ ಅಡುಗೆಗೆ ಹೆಸರಿಡುವವರು ನಾವಲ್ಲ. ಅದು ನಮ್ಮ ಜನದ ದೊಡ್ಡ ಗುಣ, ಆದರೆ ಆ್ಯಪ್ ಮಾಡುವ ನಿನ್ನ ವಿದ್ಯೆಗೆ ಅದೇ ಅಡ್ಡಗೋಡೆ. ಅದರ ಹಿಂದೆ ಇನ್ನೊಂದು ಗೋಡೆಯಿದೆ, ಅದು ನನಗೆ ಹೆಚ್ಚು ನೋವು ಕೊಡುತ್ತದೆ. ಯಂತ್ರದ ಮುಂದೆ ತಪ್ಪಿದಾಗ ನಮ್ಮವರು ಯಂತ್ರವನ್ನು ದೂರುವುದಿಲ್ಲ. “ನಾವೇನ್ ಸಾಲಿ ಕಲ್ತೀವೇನ್ ತಂಗಿ, ನಮಗೆಲ್ಲಿ ತಿಳಿತದ” ಅಂತ ತಮ್ಮನ್ನೇ ಹಳಿದುಕೊಳ್ಳುತ್ತಾರೆ. 2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 51.83, ರಾಜ್ಯದಲ್ಲೇ ಕಡಿಮೆ. ಆ ಅಂಕಿಯನ್ನು ಸಭೆಗಳಲ್ಲಿ ಎಷ್ಟು ಸಲ ಹೇಳಿದ್ದಾರೆಂದರೆ, ಜನ ತಮ್ಮ ತಲೆಯಲ್ಲೇ ಏನೋ ಕೊರತೆಯಿದೆ ಅಂತ ನಂಬಿಬಿಟ್ಟಿದ್ದಾರೆ. ಮಾರುಕಟ್ಟೆಯಲ್ಲಿ ಅಂಗೈ ಮೇಲೆ ತೊಗರಿ ಹಾಕಿಕೊಂಡು ಹಸಿ ಎಷ್ಟು, ನುಚ್ಚು ಎಷ್ಟು ಅಂತ ನಿಂತಲ್ಲೇ ಹೇಳುವವರಿಗೆ ನಿನ್ನ ನಾಲ್ಕು ಗುಂಡಿ ತಿಳಿಯದಿದ್ದರೆ ತಪ್ಪು ಗುಂಡಿಯದ್ದು. ಇದನ್ನು ಎದೆಯಲ್ಲಿ ಇಟ್ಟುಕೊಳ್ಳದೆ ಈ ವಿದ್ಯೆಗೆ ಕೈ ಹಾಕಬೇಡ.

ಹಾಗಾದರೆ ಕೇಳುವುದು ಹೇಗೆ? ‘ಹ್ಯಾಂಗದ’ ಅಂತ ಕೇಳಲೇಬೇಡ. ಕೆಲಸ ಕೊಡು. “ಹೋದ ವರ್ಷ ಎಷ್ಟು ಚೀಲ ತೊಗರಿ ಮಾರಿದ್ರಿ, ಇದರಾಗ ಬರದು ತೋರಸ್ರಿ” ಅನ್ನು. ಆಮೇಲೆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತುಬಿಡು. ಮನಸ್ಸಿನಲ್ಲಿ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಕೆಲಸ ಮಾಡಿ ಅಂತ ಕೇಳಿಕೊಳ್ಳುವ ಒಂದು ಕ್ರಮವಿದೆ. 1980ರ ದಶಕದ ಆರಂಭದಲ್ಲಿ ಐಬಿಎಮ್‌ನಲ್ಲಿದ್ದ ಕ್ಲೇಟನ್ ಲೂಯಿಸ್ ಇದನ್ನು ಸಾಫ್ಟ್‌ವೇರ್ ಪರೀಕ್ಷೆಗೆ ತಂದರು, ನಿನ್ನ ಪಾಠದಲ್ಲೂ ಇದ್ದೀತು. ನಮ್ಮ ಹೆಣ್ಣುಮಕ್ಕಳಿಗೆ ಒಬ್ಬರೇ ಗಟ್ಟಿಯಾಗಿ ಮಾತಾಡುವುದು ಮುಜುಗರ. ಅದಕ್ಕೆ ಇಬ್ಬರನ್ನು ಜೋಡಿಯಾಗಿ ಕೂರಿಸು. ಒಬ್ಬರು ಇನ್ನೊಬ್ಬರಿಗೆ ಹೇಳಿಕೊಡಲಿ. “ಏ, ಅದಲ್ಲೇ, ಕೆಳಗ ನೋಡು.” “ಇದೇನ ಕೇಳ್ಲಕತ್ತದ ಇದು?” ಅಂತ ಅವರವರೇ ಮಾತಾಡಿಕೊಳ್ಳುತ್ತಾರೆ. ಆ ಮಾತನ್ನು ಒಂದಕ್ಷರ ಬದಲಿಸದೆ ಬರೆದುಕೋ.

ಇನ್ನೊಂದು ಉಪಾಯ. ನಿನ್ನ ತರಗತಿಯಲ್ಲಿ ಸುರಪುರದ ಹುಡುಗಿ ಒಬ್ಬಳಿದ್ದಾಳೆ ಅಂದಿದ್ದೆ. ನಿನ್ನ ಆ್ಯಪನ್ನು ಅವಳು ಹಿಡಿದು ಬಳಿಚಕ್ರಕ್ಕೆ ಬರಲಿ, ಅವಳದ್ದನ್ನು ಹಿಡಿದು ನೀನು ಸುರಪುರಕ್ಕೆ ಹೋಗು. “ಇದು ನಾ ಮಾಡಿದ್ದಲ್ರಿ, ತಪ್ಪು ಹುಡುಕಿ ಕೊಡ್ರಿ” ಅಂತ ಇಬ್ಬರೂ ನಿಜವನ್ನೇ ಹೇಳಬಹುದು. ದಾಕ್ಷಿಣ್ಯ ಅರ್ಧ ಕಡಿಮೆಯಾಗುತ್ತದೆ.

ಈಗ ಶಬ್ದಗಳ ಮಾತು. ನಿನ್ನ ಆ್ಯಪಿನಲ್ಲಿ ಎಡಗಡೆ ಒಂದು ಗುಂಡಿಗೆ ‘ರದ್ದುಮಾಡಿ’ ಅಂತ ಬರೆದಿದ್ದೆ. ಇಂಗ್ಲಿಷಿನ ‘ಕ್ಯಾನ್ಸಲ್’ ಪದಕ್ಕೆ ನಿಘಂಟಿನಲ್ಲಿ ಅದೇ ಇದೆ, ಒಪ್ಪುತ್ತೇನೆ. ನಮ್ಮಲ್ಲಿ ರದ್ದು ಅನ್ನುವ ಶಬ್ದ ಯಾವಾಗ ಕಿವಿಗೆ ಬೀಳುತ್ತದೆ ಹೇಳು. ರೇಷನ್ ಕಾರ್ಡ್ ರದ್ದಾದಾಗ, ಪಿಂಚಣಿ ರದ್ದಾದಾಗ. ಅದು ಮನೆಯಲ್ಲಿ ಒಲೆ ಆರಿಸುವ ಶಬ್ದ. ದೊಡ್ಡವ್ವನ ಬೆರಳು ಆ ಗುಂಡಿಯ ಹತ್ತಿರ ಹೋಗಿ ತಟ್ಟನೆ ಹಿಂದೆ ಸರಿದದ್ದನ್ನು ನೀನು ಗಮನಿಸಲಿಲ್ಲ. ‘ಹಿಂದಕ್ಕೆ ಹೋಗು’ ಅಂತ ಬರೆದಿದ್ದರೆ ಅವಳು ಧೈರ್ಯದಿಂದ ಒತ್ತುತ್ತಿದ್ದಳು. ಹಾಗೆಯೇ ‘ವಿಸ್ತೀರ್ಣ (ಹೆಕ್ಟೇರ್)’. ನಮ್ಮ ಹೊಲ ಇರುವುದು ಎಕರೆ-ಗುಂಟೆಯಲ್ಲಿ. ಒಂದು ಹೆಕ್ಟೇರ್ ಅಂದರೆ ಹೆಚ್ಚುಕಡಿಮೆ 2 ಎಕರೆ 19 ಗುಂಟೆ. ಆ ಲೆಕ್ಕ ಫೋನು ಮಾಡಲಿ, ಅದಕ್ಕೇ ತಾನೆ ಅದಿರುವುದು. ಬಿತ್ತನೆಗೆ ತಾರೀಖು ಕೇಳುವ ಬದಲು ರೋಹಿಣಿ, ಮಿರಗ, ಆರಿದ್ರಾ ಅಂತ ಮಳೆಗಳನ್ನು ಸಾಲಾಗಿ ಇಡು. ಮಿರಗ ಒತ್ತಿದರೆ ಜೂನ್ ಎರಡನೆಯ ವಾರದ ಆಸುಪಾಸು ಅಂತ ಒಳಗೆ ಬರೆದುಕೊಂಡರಾಯಿತು. ಹೊಲದ ಪಹಣಿಗೆ ಸರ್ಕಾರದ ಕಾಗದದ ಮೇಲೆ ಏನೇ ಹೆಸರು ಅಚ್ಚಾಗಿರಲಿ, ಊರಿನ ಬಾಯಲ್ಲಿ ಅದು ಪಾಣಿ. ನೀನು ಪಾಣಿ ಅಂತಲೇ ಬರೆ. ಗುರುಮಠಕಲ್ ಕಡೆ ತೆಲುಗು ಕಲೆತ ಮಾತು, ತಾಂಡಾಗಳಲ್ಲಿ ಲಂಬಾಣಿ, ಯಾದಗಿರಿ ಪೇಟೆಯಲ್ಲಿ ಉರ್ದು. ಈ ನಾಡಿಗೆ ಒಂದೇ ಕನ್ನಡ ಅಂತ ಇಲ್ಲ. ಪ್ರತಿ ಶಬ್ದವನ್ನೂ ಆಯಾ ಊರಿನಲ್ಲಿ ಕೇಳಿ ನೋಡಿಯೇ ಇಡಬೇಕು.

ಪರದೆಯ ಆಚೆಗಿನ ಒಂದು ಸಂಗತಿ ಹೇಳುತ್ತೇನೆ, ಇದು ಯಾವ ಪಾಠದಲ್ಲೂ ಸಿಗಲಾರದು. ಹೋದ ಬೇಸಿಗೆಯಲ್ಲಿ ಒಂದು ಸೇವಾ ಕೇಂದ್ರದಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ನನ್ನ ಮುಂದೆ ಅರವತ್ತು ದಾಟಿದ ಒಬ್ಬ ಹೆಣ್ಣುಮಗಳು, ಸೆರಗಿನ ಗಂಟಿನಲ್ಲಿ ಆಧಾರ್ ಕಾರ್ಡ್. ಹುಡುಗ ನಂಬರ್ ಹೊಡೆದು, “ಓಟಿಪಿ ಬಂದದ, ಹೇಳ್ರಿ” ಅಂದ. ಆಕೆಯ ಬಳಿ ಫೋನೇ ಇಲ್ಲ. ಆಧಾರ್‌ಗೆ ಜೋಡಿಸಿದ್ದು ಮಗನ ನಂಬರ್, ಮಗ ದುಡಿಯಲು ಬೆಂಗಳೂರಿಗೆ ಹೋಗಿದ್ದಾನೆ. ನನ್ನ ಫೋನಿನಿಂದ ಕರೆ ಮಾಡಿದೆವು. ಹಿಂದೆ ಕಾಂಕ್ರೀಟ್ ಮಿಕ್ಸರ್ ಗಡಗಡ ಅನ್ನುತ್ತಿತ್ತು. “ಕೈಯಾಗ ಸಿಮಿಟ್ ಅದ ಯವ್ವಾ, ತಡಿ, ಕೆಳಗ ಇಳದು ಹೇಳ್ತೀನಿ” ಅಂದ. ಅವನು ಇಳಿದು, ಕೈ ತೊಳೆದು, ಆರು ಅಂಕಿ ಓದುವಷ್ಟರಲ್ಲಿ ಇಲ್ಲಿ ಅವಧಿ ಮುಗಿದಿತ್ತು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ‘ನಾಳೆ ಪ್ರಯತ್ನಿಸಿ’ ಅಂತ ಬಂತು. ಆಕೆ ನನಗೆ ಕೈಮುಗಿದು, “ನಿಮಗ ಭಾಳ ತ್ರಾಸು ಕೊಟ್ಟೆ” ಅಂತ ಹೊರಟುಹೋದಳು. ಆ ದಿನದ ಕೂಲಿ ಹೋಯಿತು.

ಆ ಓಟಿಪಿ ಬರೆದ ಎಂಜಿನಿಯರ್ ಕೆಟ್ಟವನಲ್ಲ. ಫೋನು ಇಟ್ಟುಕೊಂಡವನೂ ಕೌಂಟರಿನ ಮುಂದೆ ನಿಂತವನೂ ಒಬ್ಬನೇ ಮನುಷ್ಯ ಅಂತ ಅವನು ಅಂದುಕೊಂಡಿದ್ದ. ನಮ್ಮ ಸೀಮೆಯಲ್ಲಿ ಒಂದು ಮನೆ ಅಂದರೆ ಅರ್ಧ ಇಲ್ಲಿ, ಅರ್ಧ ಬೆಂಗಳೂರಿನ ಯಾವುದೋ ಕಟ್ಟಡದ ಶೆಡ್ಡಿನಲ್ಲಿ. ಇದನ್ನು ಯಾರೂ ನಿನಗೆ ಹೇಳಿಕೊಡಬೇಕಾಗಿಲ್ಲ, ಹುಟ್ಟಿನಿಂದ ಬಲ್ಲೆ. ನಿನ್ನ ಜತೆಯವರು ತಿಂಗಳುಗಟ್ಟಲೆ ಸಂಶೋಧನೆ ಮಾಡಿ ತಿಳಿಯಬೇಕಾದದ್ದು ನಿನ್ನ ಉಸಿರಿನಲ್ಲಿದೆ. ಬೆಂಗಳೂರಿಗೆ ಹೋದ ಮೇಲೆ ಅದನ್ನು ಮುಚ್ಚಿಡಬೇಡ. ಬಳಿಚಕ್ರದವಳು ಅಂತ ಹೇಳಿಕೊಳ್ಳಲು ಸಂಕೋಚಪಟ್ಟರೆ ನಿನ್ನ ಕೈಯಲ್ಲಿರುವ ಒಳ್ಳೆಯ ಆಯುಧವನ್ನೇ ಬಿಸಾಕಿದಂತೆ.

ನಮ್ಮ ರಾಜ್ಯದಲ್ಲಿ ಜನರನ್ನು ನೋಡಿ ಮಾಡಿದ ಕೆಲಸಗಳು ಇಲ್ಲವೆಂದಲ್ಲ. 2000ದ ಆಸುಪಾಸಿನಲ್ಲಿ ರಾಜೀವ್ ಚಾವ್ಲಾ ಅವರ ಮುಂದಾಳ್ತನದಲ್ಲಿ ‘ಭೂಮಿ’ ಯೋಜನೆ ಬಂತು. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, 15 ರೂಪಾಯಿಗೆ ಅಚ್ಚು ಹಾಕಿ ಕೊಡತೊಡಗಿದರು. ಎಲ್ಲರೂ ಹೊಗಳುವುದು ಆ ವೇಗವನ್ನು. ನನಗೆ ಹಿಡಿಸಿದ್ದು ಬೇರೊಂದು. ತಾಲೂಕಿನ ಆ ಕೌಂಟರುಗಳಲ್ಲಿ ಇನ್ನೊಂದು ಪರದೆಯನ್ನು ರೈತನ ಕಡೆ ಮುಖ ಮಾಡಿ ಇಟ್ಟರು. ಒಳಗೆ ಕೂತವರು ಏನು ಹೊಡೆಯುತ್ತಿದ್ದಾರೆ ಅನ್ನುವುದು ಹೊರಗೆ ನಿಂತವನಿಗೂ ಕಾಣಲಿ ಅಂತ. ಎಲ್ಲ ಓದಲು ಬಾರದಿದ್ದರೂ ಸರ್ವೆ ನಂಬರನ್ನೂ ತಂದೆಯ ಹೆಸರನ್ನೂ ರೈತ ಗುರುತಿಸುತ್ತಾನೆ. ಶಾನುಭೋಗರ ಕಾಲದಿಂದ ಕಾಗದದ ಹಿಂಬದಿ ಮಾತ್ರ ನೋಡುತ್ತಾ ಬಂದವನಿಗೆ ಮುಂಬದಿ ತೋರಿಸಿದರು. ಹೊಸ ತಂತ್ರಜ್ಞಾನವೇನೂ ಬೇಕಾಗಲಿಲ್ಲ. ಕೌಂಟರಿನ ಆಚೆ ನಿಂತವನ ಜಾಗದಲ್ಲಿ ಯಾರೋ ಒಮ್ಮೆ ನಿಂತು ನೋಡಿದ್ದರು, ಅಷ್ಟೇ.

ಇಂದ್ರಾಣಿ ಮೇಧಿ ಅವರ ಕೆಲಸವನ್ನೂ ಹುಡುಕಿ ಓದು. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿದ್ದಾಗ, 2006ರ ಹೊತ್ತಿಗೆ, ಅಲ್ಲಿನ ಕೊಳೆಗೇರಿಗಳಲ್ಲಿ ಮನೆಗೆಲಸದ ಹೆಣ್ಣುಮಕ್ಕಳ ಜತೆ ಕೂತು, ಅಕ್ಷರವೇ ಇಲ್ಲದ ಪರದೆಗಳನ್ನು ಮಾಡಿದರು. ಕೆಲಸ ಹುಡುಕಿಕೊಳ್ಳಲು ನೆರವಾಗುವ ಪರದೆ. ಅಕ್ಷರ ಬಾರದವರಿಗೂ ಅಂಕಿ ಬರುತ್ತದೆ ಅಂತ ಕಂಡು ಸಂಬಳವನ್ನು ಅಂಕಿಯಲ್ಲೇ ಬಿಟ್ಟರು. ಪಾತ್ರೆಯ ಚಿತ್ರ ಹಾಕಿದರೆ ಅದು ಬರೀ ಪಾತ್ರೆ. ತೊಳೆಯುವ ಕೆಲಸ ಅಂತ ತಿಳಿಯಬೇಕಾದರೆ ನಲ್ಲಿಯಿಂದ ನೀರು ಬೀಳುವುದೂ ಕಾಣಬೇಕು. ಇಷ್ಟೆಲ್ಲ ಮಾಡಿದರೂ ಆ ಹೆಣ್ಣುಮಕ್ಕಳು ಮುಟ್ಟಲು ಹಿಂಜರಿದರು. ಈ ಪೆಟ್ಟಿಗೆಯೊಳಗಿಂದ ಕೆಲಸ ಹೇಗೆ ಸಿಗುತ್ತದೆ ಅನ್ನುವುದೇ ಅವರಿಗೆ ಬಿಡಿಸಿಕೊಳ್ಳಲಾಗದ ಪ್ರಶ್ನೆಯಾಗಿತ್ತು. ಆಗ ಮೊದಲಿಗೆ ಒಂದು ಸಣ್ಣ ವಿಡಿಯೊ ಕಥೆ ತೋರಿಸಿದರು, ಮನೆಯೊಡತಿ ಯಾರು, ಆಕೆಯ ಮಾತು ಕಂಪ್ಯೂಟರಿಗೆ ಹೇಗೆ ಬಂತು, ಅದು ಇವರಿಗೆ ಹೇಗೆ ತಲುಪುತ್ತದೆ ಅಂತ. ನಿನ್ನ ಆ್ಯಪ್ ತೆರೆದ ಕೂಡಲೇ ಫೋನ್ ನಂಬರ್ ಕೇಳುತ್ತದೆ. ನಂಬರ್ ಯಾಕೆ, ಯಾರಿಗೆ ಹೋಗುತ್ತದೆ ಅಂತ ಹೇಳುವುದಿಲ್ಲ. ದೊಡ್ಡವ್ವ ನಿನ್ನ ಮೇಲಿನ ನಂಬಿಕೆಯಿಂದ ಕೊಟ್ಟಳು, ಬೇರೆಯವರು ಯಾಕೆ ಕೊಡಬೇಕು?

ಜನರನ್ನು ನೋಡಿ ಮಾಡಿದ್ದಕ್ಕೆ ಇನ್ನೊಂದು ಉದಾಹರಣೆ ಮತಯಂತ್ರ, ಅದನ್ನು ನೀನೂ ಒತ್ತಿದ್ದೀಯ. ಮುಂಬೈ ಐಐಟಿಯ ವಿನ್ಯಾಸ ಕೇಂದ್ರದ ಎ.ಜಿ. ರಾವ್, ರವಿ ಪೂವಯ್ಯ ಅವರ ಕೈಚಳಕ ಅದರ ರೂಪದಲ್ಲಿದೆ. ಬೆಂಗಳೂರಿನ ಬಿಇಎಲ್ ಅದನ್ನು ತಯಾರಿಸುತ್ತದೆ. ಚಿಹ್ನೆ, ಅದರ ಪಕ್ಕದಲ್ಲೇ ನೀಲಿ ಗುಂಡಿ, ಒತ್ತಿದರೆ ಕೆಂಪು ದೀಪ, ಬೀಪ್ ಸದ್ದು. ಈಗ ಜತೆಗೆ ಚೀಟಿ ಮುದ್ರಿಸುವ ವಿವಿಪ್ಯಾಟ್, ಅದರ ಕಿಟಕಿಯಲ್ಲಿ ಚೀಟಿ 7 ಸೆಕೆಂಡು ನಿಲ್ಲುತ್ತದೆ. ನಿನ್ನ ಕಪ್ಪು ಪಟ್ಟಿ ಎಷ್ಟು ಹೊತ್ತು ನಿಲ್ಲುತ್ತದೆ, ಎಣಿಸಿ ನೋಡಿದ್ದೀಯಾ?

ಇನ್ನು ಕೆಲಸ ಮಾಡುವ ಕ್ರಮದ ವಿಷಯ. 1985ರಲ್ಲಿ ಐಬಿಎಮ್‌ನ ಜಾನ್ ಗೌಲ್ಡ್ ಮತ್ತು ಅದೇ ಕ್ಲೇಟನ್ ಲೂಯಿಸ್ ಮೂರು ಮಾತು ಹೇಳಿದರು: ಶುರುವಿನಿಂದಲೇ ಬಳಸುವವರ ಜತೆ ಇರು, ಅವರು ಬಳಸುವುದನ್ನು ಅಳೆದು ನೋಡು, ತಿದ್ದು, ಮತ್ತೆ ಅಳೆ. ಓದಿದರೆ ಇದೇನು ಮಹಾ ಅನ್ನಿಸುತ್ತದೆ. ಮಾಡುವವರು ಕಡಿಮೆ. ಗೌಲ್ಡ್ ಮಾಡಿ ತೋರಿಸಿದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ, ಕ್ರೀಡಾಪಟುಗಳಿಗೆ ಮನೆಯವರು ಧ್ವನಿಸಂದೇಶ ಬಿಡುವ ಒಂದು ವ್ಯವಸ್ಥೆ ಬೇಕಾಗಿತ್ತು. ಅವರ ತಂಡ ಪ್ರೋಗ್ರಾಂ ಬರೆಯುವ ಮೊದಲೇ ಬಳಸುವವರಿಗೆ ಕೊಡುವ ಕೈಪಿಡಿ ಬರೆಯಿತು, ಅದನ್ನು ಜನರಿಗೆ ಓದಿಸಿತು. ಯಂತ್ರದ ಟೊಳ್ಳು ಮಾದರಿಯೊಂದನ್ನು ಕಚೇರಿಯ ಹಜಾರದಲ್ಲಿಟ್ಟು ಹೋಗಿಬರುವವರ ಮಾತು ಕೇಳಿತು. ನಿನಗೆ ಹಜಾರ ಬೇಡ, ಹನುಮಂದೇವರ ಗುಡಿಯ ಕಟ್ಟೆ ಸಾಕು. ಐದು ಮಂದಿಗೆ ತೋರಿಸಿದರೆ ದೊಡ್ಡ ತೊಡಕುಗಳಲ್ಲಿ ಬಹುಪಾಲು ಹೊರಬೀಳುತ್ತವೆ ಅಂತ ಜಾಕೊಬ್ ನೀಲ್ಸನ್ ಲೆಕ್ಕ ಹಾಕಿದ್ದಾರೆ. ಆದರೆ ನಿನ್ನ ಗೆಳತಿಯರೇ ಐದು ಮಂದಿಯಾದರೆ ಒಬ್ಬರಿಗೆ ತೋರಿಸಿದಂತೆಯೇ. ಒಬ್ಬ ಮುದುಕ, ಒಬ್ಬ ಕೂಲಿ ಹೆಣ್ಣುಮಗಳು, ತಾಂಡಾದ ಒಬ್ಬರು, ಕಿರಾಣಿ ಅಂಗಡಿಯವ, ಹತ್ತನೆಯ ತರಗತಿ ಓದುವ ಹುಡುಗ, ಹೀಗೆ ಆರಿಸು.

ನಾನು ಇದನ್ನು ತಡವಾಗಿ ಕಲಿತೆ. ಮೂವತ್ತು ವರ್ಷದ ಹಿಂದೆ ಒಂದು ಕಚೇರಿಗೆ ಬಿಲ್ಲಿನ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಆರು ತಿಂಗಳ ಮೇಲೆ ಹೋಗಿ ನೋಡಿದರೆ, ಮಾನಿಟರಿನ ಸುತ್ತ ಚೀಟಿಗಳು ಅಂಟಿದ್ದವು. ‘ಎಫ್ 9 ಒತ್ತಬ್ಯಾಡ್ರಿ.’ ‘ಹೆಸರು ಹೊಡದ ಮ್ಯಾಲ ಎರಡು ಸಲ ಎಂಟರ್.’ ‘ಶನಿವಾರ ಮೊದಲು ಪ್ರಿಂಟರ್ ಬಂದ್ ಮಾಡ್ರಿ.’ ಒಟ್ಟು ಹನ್ನೊಂದು ಚೀಟಿ, ಅಂಟು ಒಣಗಿ ಅಂಚು ಹಳದಿಯಾಗಿತ್ತು. ಅಲ್ಲಿನ ಗುಮಾಸ್ತರು ನನಗೆ ಒಂದು ದೂರೂ ಹೇಳಿರಲಿಲ್ಲ, ಸಿಕ್ಕಾಗಲೆಲ್ಲ ‘ಛಲೋ ನಡದದ್ರಿ’ ಅನ್ನುತ್ತಿದ್ದರು. ಆ ಚೀಟಿಗಳನ್ನು ಒಂದೊಂದಾಗಿ ನನ್ನ ಡೈರಿಗೆ ಬರೆದುಕೊಂಡೆ. ಮುಂದಿನ ಎರಡು ತಿಂಗಳು ಅದೇ ನನ್ನ ಕೆಲಸದ ಪಟ್ಟಿ. ಇವತ್ತಿಗೂ ಯಾವ ಬ್ಯಾಂಕಿಗೆ, ಆಸ್ಪತ್ರೆಗೆ ಹೋದರೂ ಮೊದಲು ನನ್ನ ಕಣ್ಣು ಹೋಗುವುದು ಕಂಪ್ಯೂಟರಿನ ಅಂಚಿಗೆ. ನೀನೂ ಆ ಅಭ್ಯಾಸ ಮಾಡಿಕೋ.

ಕೆಲಸ ಕೇಳಲು ಹೋದಾಗ ತೋರಿಸುವ ಕಡತದಲ್ಲಿ ಎಲ್ಲರೂ ಕೊನೆಯ ಚೆಂದದ ಪರದೆಗಳನ್ನೇ ಇಡುತ್ತಾರೆ. ನೀನು ಮೊದಲನೆಯದನ್ನೂ ಇಡು. ದೊಡ್ಡವ್ವನ ಬೆರಳು ಎಲ್ಲಿ ನಿಂತಿತು, ಅದರಿಂದ ಏನು ತಿದ್ದಿದೆ, ತಿದ್ದಿದ ಮೇಲೆ ಮತ್ತೆ ಎಲ್ಲಿ ನಿಂತಿತು ಅಂತ ಬರೆ. ಬಲ್ಲವರು ಅದನ್ನೇ ಹುಡುಕುತ್ತಾರೆ. ಅದನ್ನು ಬೇಡವೆನ್ನುವ ಕಡೆ ನೀನು ಸೇರದಿದ್ದರೂ ನಷ್ಟವಿಲ್ಲ.

ಸಂಕ್ರಾಂತಿ ಆದ ಮೇಲೆ ಬಾ. ತೊಗರಿ ರಾಶಿ ಮುಗಿದಿರುತ್ತದೆ, ಹೆಣ್ಣುಮಕ್ಕಳಿಗೆ ಮಧ್ಯಾಹ್ನ ಸ್ವಲ್ಪ ಬಿಡುವು. ಮೊಬೈಲಿನಲ್ಲಿ ಏನೂ ಮಾಡಿಕೊಂಡು ಬರಬೇಡ. ಬಿಳಿ ಕಾಗದ, ಪೆನ್ಸಿಲ್, ರಬ್ಬರ್ ತಾ. ಪರದೆಗಳನ್ನು ಕಾಗದದ ಮೇಲೆ ಬರೆದು ಒಂದೊಂದಾಗಿ ಮುಂದಿಡು, ಅವರು ಬೆರಳಿಟ್ಟಲ್ಲಿ ಮುಂದಿನ ಹಾಳೆ ಹಾಕು. ರಬ್ಬರ್ ಕೈಯಲ್ಲಿರುವುದನ್ನು ಕಂಡರೆ ಇದು ಇನ್ನೂ ಮುಗಿದಿಲ್ಲ ಅಂತ ಅವರಿಗೆ ಗೊತ್ತಾಗುತ್ತದೆ, ಬಾಯಿ ಬಿಡುತ್ತಾರೆ. ನಿನ್ನ ಸುರಪುರದ ಗೆಳತಿಯನ್ನೂ ಕರೆದುಕೊಂಡು ಬಾ, ಕಾಗದ ಅವಳು ಹಿಡಿಯಲಿ, ನೀನು ಹಿಂದೆ ಕೂತು ಬರೆದುಕೋ. ಸೇವಾ ಕೇಂದ್ರದಲ್ಲಿ ಕಂಡ ಆ ಹೆಣ್ಣುಮಗಳ ಊರು ಇಲ್ಲೇ ಹತ್ತಿರ. ನಾನು ಹೋಗಿ ಕೇಳಿದ್ದೇನೆ, ಬರುತ್ತೇನೆ ಅಂದಿದ್ದಾಳೆ. ಆ ದಿನದ ಕೂಲಿಯನ್ನು ಆಕೆಗೆ ಮೊದಲೇ ಕೊಟ್ಟುಬಿಡೋಣ.

ನಿನ್ನ ಕಾಕಾ